ಒಡೆದ ತುಟಿ, ಏಳು ಡಬ್ಬಿ, ಐದು ತಿಂಗಳು

ಜನವರಿ ಹೊತ್ತಿಗೆ ಆಕಳಿಕೆ ಬಂದರೆ ನನಗೆ ಹೆದರಿಕೆಯಾಗುತ್ತಿತ್ತು. ಬಾಯಿ ಪೂರ್ತಿ ತೆರೆದರೆ ಕೆಳತುಟಿಯ ನಡುವಿನ ಸೀಳು ಮತ್ತೆ ಬಿಚ್ಚಿಕೊಂಡು ರಕ್ತ ಜಿನುಗುತ್ತಿತ್ತು. ಹಾಗಾಗಿ ತುಟಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಆಕಳಿಸುವುದನ್ನು ಕಲಿತಿದ್ದೆ. ಬ್ಯಾಂಕಿನ ಕೌಂಟರಿನಲ್ಲಿ ಕೂತು ಹಾಗೆ ಆಕಳಿಸುವವನನ್ನು ಜನ ಹೇಗೆ ನೋಡುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ನಾನು ಕುಮಟೆಯವನು. ಕಳೆದ ನವೆಂಬರ್‌ನಲ್ಲಿ ವಿಜಯಪುರಕ್ಕೆ ವರ್ಗವಾಯಿತು. ಮಗಳ ಎಸ್ಸೆಸ್ಸೆಲ್ಸಿ ಇದೆ ಅಂತ ಅವಳು, ಹೆಂಡತಿ, ಅಮ್ಮ ಊರಲ್ಲೇ ಉಳಿದರು. ನಾನೊಬ್ಬನೇ ಒಂದು ರೂಮು ಹಿಡಿದೆ. ನಮ್ಮ ಕಡೆ ಮಳೆಗಾಲದಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಇಲ್ಲಿ ಬೆಳಿಗ್ಗೆ ಹರವಿದ ಲುಂಗಿ ತಿಂಡಿ ತಿಂದು ಬರುವಷ್ಟರಲ್ಲಿ ಹಪ್ಪಳ. ಡಿಸೆಂಬರ್ ಎರಡನೇ ವಾರಕ್ಕೆ ತುಟಿಯೂ ಹಪ್ಪಳವಾಯಿತು.

ಮೊದಲ ವಾರ ನಾನು ಏನೂ ಮಾಡಲಿಲ್ಲ. ಅಂದರೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಒಣಗಿದಾಗಲೆಲ್ಲ ನಾಲಿಗೆಯಿಂದ ಸವರಿದೆ, ಎದ್ದ ಸಿಪ್ಪೆಯನ್ನು ಹಲ್ಲಿನಿಂದ ಕಿತ್ತೆ. ಸವರಿದ ಕೂಡಲೇ ಹಾಯೆನಿಸುತ್ತದೆ, ಎರಡು ನಿಮಿಷಕ್ಕೆ ಮೊದಲಿಗಿಂತ ಜಾಸ್ತಿ ಬಿಗಿಯುತ್ತದೆ. ಎಂಜಲು ಆರುವಾಗ ತುಟಿಯ ಪಸೆಯನ್ನೂ ಎಳೆದುಕೊಂಡು ಹೋಗುತ್ತದೆ. ಅದರಲ್ಲಿರುವುದು ಅನ್ನ ಕರಗಿಸುವ ರಸ ಬೇರೆ, ತುಟಿಗೆ ಹಚ್ಚುವ ಔಷಧಿಯಲ್ಲ. ಇದನ್ನು ಈಗ ಹೇಳುತ್ತಿದ್ದೇನೆ, ಆಗ ಗೊತ್ತಿರಲಿಲ್ಲ.

ನಮ್ಮ ಶಾಖೆಯ ಅಟೆಂಡರ್ ಒಂದು ದಿನ ಚಹಾ ಇಡುತ್ತ, ‘ಸರ, ತುಟಿ ಭಾಳ ಒಡದಾವ್ರಿ. ರಾತ್ರಿ ಹೊಕ್ಕಳಕ್ಕ ಎಣ್ಣಿ ಬಿಟ್ಕೊಂಡು ಮಲಕೋರಿ’ ಅಂದರು. ಸುಮ್ನೆ ಯಾಕೆ ಬಿಡಬೇಕು ಅಂತ ಒಂದು ವಾರ ಅದನ್ನೂ ಮಾಡಿದೆ. ಬನಿಯನ್‌ಗೆಲ್ಲ ಎಣ್ಣೆ ಕಲೆಯಾಯಿತು. ತುಟಿ ಇದ್ದ ಹಾಗೇ ಇತ್ತು.

ಇಲ್ಲಿಂದ ಡಬ್ಬಿಗಳ ಕಾಲ ಶುರು. ಒಂದನೆಯದು ಮಗಳದ್ದು. ಕ್ರಿಸ್‌ಮಸ್ ರಜೆಗೆ ಊರಿಗೆ ಹೋದಾಗ ಅವಳ ಸ್ಟ್ರಾಬೆರಿ ಲಿಪ್ ಬಾಮ್ ಎತ್ತಿಕೊಂಡು ಬಂದೆ. ಅದಕ್ಕೆ ಬಣ್ಣವೂ ಇತ್ತು ಅನ್ನುವುದು ಗೊತ್ತಾದದ್ದು ಕ್ಯಾಷಿಯರ್ ‘ಏನ್ರಿ ಸಾಹೇಬ್ರ, ಇವತ್ತ ಲಿಪ್‌ಸ್ಟಿಕ್ ಹಾಕ್ಕೊಂಡ್ ಬಂದೀರಿ?’ ಅಂದಾಗಲೇ. ಎರಡನೆಯದು ‘ಕೂಲಿಂಗ್’ ಅಂತ ಬರೆದಿದ್ದ ಪುಟ್ಟ ಡಬ್ಬಿ, 45 ರೂಪಾಯಿ. ಪುದೀನ ಸಾರ, ಕರ್ಪೂರದ ವಾಸನೆ. ಹಚ್ಚಿದರೆ ಚುರುಚುರು ಅನ್ನುತ್ತಿತ್ತು. ಉರಿ ಅಂದರೆ ಔಷಧಿ ಕೆಲಸ ಮಾಡುತ್ತಿದೆ ಅಂತ ನಾವು ಚಿಕ್ಕಂದಿನಿಂದ ನಂಬಿಕೊಂಡು ಬಂದಿದ್ದೇವಲ್ಲ, ನಾನೂ ಹಾಗೇ ನಂಬಿ ದಿನಕ್ಕೆ ಹತ್ತು ಸಲ ಹಚ್ಚಿದೆ. ಮೂರನೆಯದು ಗ್ಲಿಸರಿನ್ ಸೀಸೆ, 60 ರೂಪಾಯಿ. ಪನ್ನೀರು ಬೆರೆಸಿ ಹಚ್ಚಿರಿ ಅಂದಿದ್ದರು. ಸೀಳಿಗೆ ತಾಗಿದ ಕೂಡಲೇ ಕಣ್ಣಲ್ಲಿ ನೀರು.

ನಾಲ್ಕನೆಯದು ನನ್ನ ಮಟ್ಟಿಗೆ ದೊಡ್ಡ ಖರ್ಚು. ಆನ್‌ಲೈನ್‌ನಲ್ಲಿ 399 ರೂಪಾಯಿಗೆ ತರಿಸಿದ ತಗಡಿನ ಡಬ್ಬಿ. ಜೇನುಮೇಣ, ಜೇನುತುಪ್ಪ, ಚಕ್ಕೆ ಎಣ್ಣೆ, ಕಿತ್ತಳೆ ಸಿಪ್ಪೆಯ ಎಣ್ಣೆ. ರಾಸಾಯನಿಕ ಒಂದೂ ಇಲ್ಲ, ಪೂರ್ತಿ ನೈಸರ್ಗಿಕ ಅಂತ ಮುಚ್ಚಳದ ಮೇಲೇ ಬರೆದಿತ್ತು. ಒಳ್ಳೇ ವಾಸನೆ. ಎರಡು ವಾರ ಹಚ್ಚಿದ ಮೇಲೆ ತುಟಿ ಊದಿಕೊಂಡಿತು, ತುಟಿಯಂಚು ದಾಟಿ ಗಲ್ಲದ ಕಡೆಗೂ ಸಣ್ಣ ಸಣ್ಣ ಗುಳ್ಳೆ ಬಂದವು. ಆಗಲೂ ನನಗೆ ಡಬ್ಬಿಯ ಮೇಲೆ ಅನುಮಾನ ಬರಲಿಲ್ಲ. ಬಿಸಿಲೇ ಕಾರಣ ಅಂದುಕೊಂಡು ಬಿಸಿಲು ತಡೆಯುವ ಐದನೆಯದನ್ನು ಕೊಂಡೆ, 225 ರೂಪಾಯಿ.

ಊಟದ ಕಷ್ಟ ಇನ್ನೊಂದು. ಖಾನಾವಳಿಯಲ್ಲಿ ಜೋಳದ ರೊಟ್ಟಿ ಮುರಿದು ಬಾಯಿಗಿಟ್ಟರೆ ರೊಟ್ಟಿಯ ಅಂಚು ಬ್ಲೇಡಿನಂತೆ ತಾಗುತ್ತಿತ್ತು. ಕೆಂಪು ರಂಜಕ, ಅಂದರೆ ಮೆಣಸಿನಕಾಯಿ ಚಟ್ನಿ, ತಟ್ಟೆಗೆ ಬಿದ್ದರೆ ಪಕ್ಕಕ್ಕೆ ಸರಿಸುತ್ತಿದ್ದೆ. ಒಂದೂವರೆ ತಿಂಗಳು ಮೊಸರನ್ನ, ಅದೂ ಚಮಚದಲ್ಲಿ. ನಗುವುದನ್ನು ಬಿಟ್ಟೆ. ಫೋನಿನಲ್ಲಿ ಹೆಂಡತಿ ‘ಯಾಕೆ ಮಾತು ಕಡಿಮೆ, ಏನು ಸಿಟ್ಟಾ?’ ಅಂತ ಕೇಳುವ ಮಟ್ಟಕ್ಕೆ ಹೋಯಿತು. ತುಟಿ ಒಡೆದಿದೆ ಅಂತ ದುಃಖ ಹೇಳಿಕೊಂಡರೆ ಯಾರಿಗಾದರೂ ನಗು ಬರುತ್ತದೆ. ಅದೇ ಬೇಜಾರು. ಕೈ ಮುರಿದಿದ್ದರೆ ಹಣ್ಣು ಹಿಡಿದುಕೊಂಡು ನೋಡಲು ಬರುತ್ತಿದ್ದರು.

ಫೆಬ್ರವರಿಯಲ್ಲಿ ಔಷಧಿ ಅಂಗಡಿಗೆ ಹೋಗಿ ತುಟಿ ತೋರಿಸಿದೆ. ಕೌಂಟರಿನ ಹುಡುಗ ಹಿಂದೆ ತಿರುಗಿ ಒಂದು ಟ್ಯೂಬ್ ತೆಗೆದುಕೊಟ್ಟ. 110 ರೂಪಾಯಿ. ಇದು ಆರನೆಯದು. ಮೂರೇ ದಿನದಲ್ಲಿ ತುಟಿ ಮಗುವಿನ ತುಟಿಯಂತಾಯಿತು! ಅಂಗಡಿಯ ಹುಡುಗನಿಗೆ ಮನಸ್ಸಿನಲ್ಲೇ ಕೈಮುಗಿದೆ. ನಿಲ್ಲಿಸಿದ ನಾಲ್ಕನೇ ದಿನಕ್ಕೆ ಮೊದಲಿಗಿಂತ ಕೆಂಪಾಗಿ, ಬಾಯಿಯ ಸುತ್ತ ಉಂಗುರದಂತೆ ಉರಿ ಎದ್ದಿತು. ಮತ್ತೆ ಹಚ್ಚಿದೆ, ಮತ್ತೆ ಹೋಯಿತು, ಮತ್ತೆ ಬಂತು. ಹೀಗೆ ಮೂರು ಸುತ್ತು.

ಇಲ್ಲೊಂದು ಮಾತು. ಅಂಥ ಟ್ಯೂಬ್ ಕೈಗೆ ಬಂದರೆ ಹಿಂಬದಿಯ ಸಣ್ಣ ಅಕ್ಷರ ಓದಿ. ನನ್ನದರಲ್ಲಿ ಕ್ಲೋಬೆಟಸಾಲ್ ಇತ್ತು. ಅದು ಉರಿ, ಕೆಂಪನ್ನು ಅದುಮಿಡುವ ತುಂಬ ಖಡಕ್ಕಾದ ಸ್ಟಿರಾಯ್ಡ್. ಜೊತೆಗೆ ಬೂಷ್ಟಿನ ಔಷಧಿ, ಆಂಟಿಬಯೋಟಿಕ್ ಎಲ್ಲ ಕಲಸುಮೇಲೋಗರ. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ ಅಂತ ಷೆಡ್ಯೂಲ್ ಎಚ್ ಅನ್ನುವ ಔಷಧಿ ಪಟ್ಟಿಗೆ ಸೇರಿಸಿದೆ. ನನ್ನನ್ನು ಯಾರೂ ಚೀಟಿ ಕೇಳಲಿಲ್ಲ. ನಾನೂ ಕೊಡಲಿಲ್ಲ.

ಮಾರ್ಚ್ ಬಂತು. ಚಳಿ ಹೋಗಿ ಫ್ಯಾನ್ ಶುರುವಾಯಿತು. ಆಫೀಸಿನಲ್ಲಿ ಎಲ್ಲರ ತುಟಿಯೂ ಸರಿಹೋಯಿತು, ನನ್ನದೊಂದು ಬಿಟ್ಟು. ಇದು ಚಳಿಯ ಕಾಟವಲ್ಲ ಅಂತ ಹೊಳೆಯಲು ನನಗೆ ಮೂರು ತಿಂಗಳು ಬೇಕಾಯಿತು.

ಮೊದಲು ಹತ್ತಿರದ ಜನರಲ್ ಡಾಕ್ಟರ್. 200 ರೂಪಾಯಿ ಫೀಸು. ವಿಟಮಿನ್ ಕಡಿಮೆಯಾಗಿರಬಹುದು ಅಂತ ಬಿ ಕಾಂಪ್ಲೆಕ್ಸ್ ಮಾತ್ರೆ ಕೊಟ್ಟು, ರಕ್ತ ಪರೀಕ್ಷೆಗೆ ಬರೆದರು. ಹಿಮೋಗ್ಲೋಬಿನ್, ಕಬ್ಬಿಣಾಂಶ, ಬಿ 12, ಸಕ್ಕರೆ ಎಲ್ಲ ಸೇರಿ 1,450 ರೂಪಾಯಿ. ಎಲ್ಲ ಸರಿಯಾಗಿತ್ತು. ಸರಿಯಾಗಿದೆ ಅಂದಾಗ ಖುಷಿಯಾಗಬೇಕು, ನನಗೆ ಸಿಟ್ಟು ಬಂತು. ಆದರೆ ಈ ಪರೀಕ್ಷೆ ದಂಡ ಅಂತ ಹೇಳಲಾರೆ. ಬಾಯಿಯ ಎರಡು ಮೂಲೆ ಮಾತ್ರ ಒಡೆದು ಬೆಳ್ಳಗಾಗುತ್ತಿದ್ದರೆ ಕಬ್ಬಿಣಾಂಶ, ಬಿ ವಿಟಮಿನ್ ಕೊರತೆ, ಇಲ್ಲವೇ ಬೂಷ್ಟಿನ ಸೋಂಕು ಇರುವ ಸಂಭವ ಜಾಸ್ತಿ. ಹಲ್ಲಿನ ಸೆಟ್ ಹಾಕಿಕೊಳ್ಳುವ ವಯಸ್ಸಾದವರಲ್ಲಿ ಅದು ಸಾಮಾನ್ಯ. ನನಗೆ ಮೂಲೆ ಚೆನ್ನಾಗಿತ್ತು, ತುಟಿ ಹಾಳಾಗಿತ್ತು. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುವ ಹುಡುಗ ಹುಡುಗಿಯರಿಗೆ ತುಟಿ ಒಣಗುವುದು ಹೆಚ್ಚು ಕಡಿಮೆ ಖಚಿತ. ಅಂಥವರು ಮಾತ್ರೆ ಕೊಟ್ಟ ಡಾಕ್ಟರಿಗೇ ಹೇಳಿದರೆ ಸಾಕು.

ಆಮೇಲೆ ಚರ್ಮದ ಡಾಕ್ಟರ್. ಫೋನಿನಲ್ಲಿ ನಂಬರ್ ಹಚ್ಚಿಸಿದರೂ ಎರಡು ಗಂಟೆ ಕಾದೆ. 500 ರೂಪಾಯಿ. ಅವರು ಹತ್ತು ನಿಮಿಷ ಸುಮ್ಮನೆ ಮಾತಾಡಿಸಿದರು. ಊರು, ಕೆಲಸ, ಊಟ. ನಾನು ಮನಸ್ಸಿನಲ್ಲೇ ‘ತುಟಿ ನೋಡಿ ತಾಯಿ’ ಅಂತಿದ್ದೆ. ಕೊನೆಗೆ ಅವರು, ‘ನೀವು ಬಂದು ಕುಂತಾಗಿಂದ ಒಂಬತ್ತು ಸಲ ತುಟಿ ಸವರಿದ್ರಿ’ ಅಂದರು. ನನಗೆ ಒಂದೂ ನೆನಪಿರಲಿಲ್ಲ.

ಮುಂದಿನ ಪ್ರಶ್ನೆ, ‘ಹಲ್ಲಿಗೆ ಯಾವ ಪೇಸ್ಟ್?’

ತುಟಿ ತೋರಿಸಲು ಬಂದವನಿಗೆ ಹಲ್ಲಿನ ವಿಚಾರ ಯಾಕೆ ಅನಿಸಿತು. ಲವಂಗ, ಚಕ್ಕೆ ಹಾಕಿದ ಕೆಂಪು ಪೇಸ್ಟ್ ಅಂದೆ. ಅವರು ಬರೆದುಕೊಂಡರು. ತುಟಿಗೆ ಇದುವರೆಗೆ ಹಚ್ಚಿದ್ದನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬನ್ನಿ, ಅಲ್ಲಿವರೆಗೆ ಎಲ್ಲ ಬಂದ್ ಮಾಡಿ ಅಂದರು. ಇಲ್ಲೇ ನಾನು ಸಿಕ್ಕಿಹಾಕಿಕೊಂಡೆ. ಒಳಗೇನಿದೆ ಅನ್ನುವ ಪಟ್ಟಿ ಇರುವುದು ಹೊರಗಿನ ರಟ್ಟಿನ ಡಬ್ಬಿಯ ಮೇಲೆ. ಅದನ್ನು ಕೊಂಡ ದಿನವೇ ಎಸೆದಿದ್ದೆ. ಒಳಗಿನ ಸ್ಟಿಕ್ ಮೇಲೆ ಹೆಸರು ಬಿಟ್ಟರೆ ಏನೂ ಇಲ್ಲ. ಮತ್ತೆ ಅಂಗಡಿ ಅಂಗಡಿ ಅಲೆದು, ಕೊಳ್ಳದೆ ಡಬ್ಬಿಯ ಫೋಟೊ ಮಾತ್ರ ಹೊಡೆದುಕೊಂಡು ಅಂಗಡಿಯವರಿಂದ ಬೈಸಿಕೊಂಡೆ. ನೀವು ದಯವಿಟ್ಟು ರಟ್ಟಿನ ಡಬ್ಬಿ ಎಸೆಯಬೇಡಿ, ಇಲ್ಲವೇ ಎಸೆಯುವ ಮುಂಚೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಪಟ್ಟಿ ನೋಡಿದ ಡಾಕ್ಟರ್, ಇದು ಅಲರ್ಜಿ ಇರಬಹುದು, ಪ್ಯಾಚ್ ಟೆಸ್ಟ್, ಅಂದರೆ ಅನುಮಾನವಿರುವ ಪದಾರ್ಥಗಳನ್ನು ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆ, ಮಾಡಿಸಿದರೆ ಗೊತ್ತಾಗುತ್ತದೆ ಅಂದರು. ಅವರಲ್ಲಿ ಆ ವ್ಯವಸ್ಥೆ ಇರಲಿಲ್ಲ. ಹುಬ್ಬಳ್ಳಿಗೆ ಚೀಟಿ ಕೊಟ್ಟರು. ಫೋನು ಮಾಡಿದರೆ ಮೂರು ವಾರದ ನಂತರದ ಸೋಮವಾರ ಸಿಕ್ಕಿತು. ಅದೂ ಸೋಮವಾರ, ಬುಧವಾರ, ಶುಕ್ರವಾರ ಮೂರು ದಿನವೂ ಹೋಗಲೇಬೇಕು. ದಿನಾ ವಿಜಯಪುರದಿಂದ ಓಡಾಡಲು ಆಗುತ್ತದೆಯೇ? ಐದು ದಿನ ರಜೆ ಹಾಕಿದೆ. ರಜೆ ಅರ್ಜಿಯಲ್ಲಿ ಕಾರಣ ‘ತುಟಿ’ ಅಂತ ಬರೆಯಲು ನಾಚಿಕೆಯಾಗಿ ‘ಚರ್ಮದ ಚಿಕಿತ್ಸೆ’ ಅಂತ ಬರೆದೆ. ಆಸ್ಪತ್ರೆಯಲ್ಲಿ ಮಲಗದ ಕಾರಣ ವಿಮೆಯಲ್ಲಿ ಒಂದು ಪೈಸೆಯೂ ಸಿಗಲಿಲ್ಲ. ರಜೆಗೆ ಸರ್ಟಿಫಿಕೇಟ್ ಬೇಕಿದ್ದರೆ ಮೊದಲ ದಿನವೇ ಕೇಳಿಬಿಡಿ. ಶುಕ್ರವಾರ ಸಂಜೆ ಕೇಳಿದರೆ ಸಹಿ ಮಾಡುವವರು ಮನೆಗೆ ಹೋಗಿರುತ್ತಾರೆ.

ಒಂದು ವಿಷಯ ಗಂಡಸರಿಗೆ ಯಾರೂ ಮೊದಲೇ ಹೇಳುವುದಿಲ್ಲ. ಟೆಸ್ಟಿನ ಟೇಪು ಅಂಟಿಸುವುದು ಬೆನ್ನಿಗೆ. ಬೆನ್ನಲ್ಲಿ ಕೂದಲಿದ್ದರೆ ಅಂಟುವುದಿಲ್ಲ. ಎರಡು ದಿನ ಮುಂಚೆ ಕ್ಷೌರದಂಗಡಿಯಲ್ಲಿ ಕೂತು, ಬೆನ್ನು ಬೋಳಿಸಿ ಅಂದೆ. ಅವರು ಕನ್ನಡಿಯಲ್ಲಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಹೆಚ್ಚು ಮಾತಾಡಲಿಲ್ಲ. 100 ರೂಪಾಯಿ ತೆಗೆದುಕೊಂಡರು.

ಏಪ್ರಿಲ್ ಎರಡನೇ ಸೋಮವಾರ. ಬೆನ್ನಿನ ಮೇಲ್ಭಾಗಕ್ಕೆ ಸಾಲಾಗಿ ಟೇಪು ಅಂಟಿಸಿದರು. ಒಂದೊಂದು ಟೇಪಿನಲ್ಲೂ ಅಂಗಿಯ ಗುಂಡಿಯಷ್ಟಗಲದ ಪುಟ್ಟ ಪುಟ್ಟ ಬಟ್ಟಲು. ಒಂದೊಂದರಲ್ಲೂ ಒಂದೊಂದು ಪದಾರ್ಥ, ಸಾಸಿವೆ ಕಾಳಿಗಿಂತ ತುಸು ದೊಡ್ಡದು. ನಾನು ಒಯ್ದಿದ್ದ 399 ರೂಪಾಯಿಯ ಜೇನುಮೇಣದ ಬಾಮನ್ನೂ ಒಂದು ಬಟ್ಟಲಿಗೆ ಹಾಕಿದರು. ಪೇಸ್ಟನ್ನು ಹಾಗೇ ಹಾಕಿದರೆ ಚರ್ಮ ಸುಡುತ್ತದೆ ಅಂತ ತೆಳು ಮಾಡಿ ಹಾಕಿದರು. ಫೀಸು ಬೇರೆ 500, ಟೆಸ್ಟ್‌ಗೆ 3,200 ರೂಪಾಯಿ.

ಬುಧವಾರದವರೆಗೆ ಬೆನ್ನು ನೆನೆಯಬಾರದು, ಬೆವರಬಾರದು, ಉಜ್ಜಬಾರದು. ಏಪ್ರಿಲ್‌ನಲ್ಲಿ ಬೆವರಬೇಡ ಅಂದರೆ ಹೇಗೆ? ಹುಬ್ಬಳ್ಳಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಎರಡು ಹಗಲು ಫ್ಯಾನಿನ ಕೆಳಗೆ ಬೋರಲು ಮಲಗಿದ್ದೆ. ಸ್ನಾನವಿಲ್ಲ, ಒದ್ದೆ ಟವೆಲ್ಲಿನಲ್ಲಿ ಮೈ ಒರೆಸಿಕೊಳ್ಳುವುದಷ್ಟೇ. ಎರಡನೇ ರಾತ್ರಿ ಎಡಗಡೆಯ ಎರಡು ಬಟ್ಟಲುಗಳ ಜಾಗದಲ್ಲಿ ತುರಿಕೆ ಶುರುವಾಯಿತು. ಕೆರೆಯುವ ಹಾಗಿಲ್ಲ. ಆದರೆ ನಿಜ ಹೇಳುತ್ತೇನೆ, ಆ ತುರಿಕೆ ಬಂದಾಗ ನನಗೆ ಖುಷಿಯಾಯಿತು. ಏನೋ ಸಿಕ್ಕಿಬಿತ್ತು ಅಂತ. ನಿಮಗೂ ಈ ಟೆಸ್ಟ್ ಬರೆದುಕೊಟ್ಟರೆ ಸಾಧ್ಯವಾದಷ್ಟು ಬೇಸಿಗೆ ಬಿಟ್ಟು ಮಾಡಿಸಿ. ಸ್ಟಿರಾಯ್ಡ್ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ, ಬೆನ್ನಿಗೆ ಮುಲಾಮು ಹಚ್ಚುತ್ತಿದ್ದರೆ ಮೊದಲೇ ಹೇಳಿ. ಇಲ್ಲವಾದರೆ ಇರುವ ಅಲರ್ಜಿಯೂ ಕಾಣದೆ ಹೋಗಬಹುದು.

ಬುಧವಾರ ಟೇಪು ಕಿತ್ತು ಗುರುತು ಹಾಕಿದರು. ಶುಕ್ರವಾರ ಮತ್ತೆ ನೋಡಿದರು. ಕೆಲವು ಅಲರ್ಜಿ ತಡವಾಗಿ ಮೂಡುತ್ತದೆಯಂತೆ, ಅದಕ್ಕೇ ಎರಡು ಸಲ. ಫ್ರಾಗ್ರೆನ್ಸ್ ಮಿಕ್ಸ್ ಹಾಕಿದ ಜಾಗ ಕೆಂಪಗೆ ಉಬ್ಬಿ ಸಣ್ಣ ನೀರುಗುಳ್ಳೆ ಎದ್ದಿತ್ತು. ಬಾಲ್ಸಂ ಆಫ್ ಪೆರು ಅನ್ನುವ ಮರದ ಅಂಟಿಗೂ ಸ್ವಲ್ಪ ಎದ್ದಿತ್ತು. ನನ್ನ ನೈಸರ್ಗಿಕ ಬಾಮಿನ ಜಾಗವೂ ಕೆಂಪು. ಡಾಕ್ಟರ್ ಮೊಬೈಲಿನಲ್ಲಿ ನನ್ನ ಬೆನ್ನಿನ ಫೋಟೊ ತೆಗೆದು ನನಗೇ ತೋರಿಸಿದರು. ಫ್ರಾಗ್ರೆನ್ಸ್ ಮಿಕ್ಸ್ ಅಂದರೆ ಎಂಟು ಪರಿಮಳದ ಪದಾರ್ಥಗಳ ಮಿಶ್ರಣ. ಅದರಲ್ಲಿ ಲವಂಗದ ಯೂಜಿನಾಲ್ ಇದೆ, ಚಕ್ಕೆಯ ಸಿನ್ನಮಾಲ್ ಇದೆ. ಅಂದರೆ ನಾನು ದಿನಾ ಬೆಳಿಗ್ಗೆ ಪೇಸ್ಟಿನಲ್ಲಿ ತುಟಿಗೆ ಉರಿ ಹಚ್ಚಿ, ಆಮೇಲೆ ಆ ಉರಿ ಇಳಿಸಲು ಅದೇ ಚಕ್ಕೆ ಇರುವ ಬಾಮ್ ಹಚ್ಚುತ್ತಿದ್ದೆ. ಮಧ್ಯೆ ಲವಂಗ, ಚಕ್ಕೆ ಕುಟ್ಟಿ ಹಾಕಿದ ಮಸಾಲೆ ಚಹಾ ಎರಡು ಸಲ.

ಸಾಲಿನಲ್ಲಿ ಒಂದು ಬಟ್ಟಲಿನ ಜಾಗ ಮಾತ್ರ ಏನೂ ಆಗದೆ ಚರ್ಮದ ಬಣ್ಣದಲ್ಲೇ ಇತ್ತು. ‘ಅದರಲ್ಲಿ ಏನಿತ್ತು?’ ಅಂತ ಕೇಳಿದೆ. ‘ಬರೀ ವ್ಯಾಸಲೀನ್’ ಅಂದರು. ಬೇರೆ ಬಹಳಷ್ಟು ಪದಾರ್ಥಗಳನ್ನು ಕಲಸುವುದೂ ಅದರಲ್ಲೇ, ಯಾಕೆಂದರೆ ಅದು ಹೆಚ್ಚು ಕಡಿಮೆ ಯಾರಿಗೂ ಅಲರ್ಜಿ ಮಾಡುವುದಿಲ್ಲ. ವಾಸನೆಯಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ತೈಲಬಾವಿಯ ಕೆಲಸಗಾರರು ಪಂಪಿನ ಸರಳುಗಳಿಗೆ ಮೆತ್ತಿಕೊಳ್ಳುವ ಜಿಡ್ಡನ್ನು ಗಾಯಕ್ಕೆ ಹಚ್ಚುತ್ತಿದ್ದುದನ್ನು ನೋಡಿ ಚೀಸ್‌ಬ್ರೋ ಎಂಬಾತ 1872ರಲ್ಲಿ ಪೇಟೆಂಟ್ ಮಾಡಿಸಿಕೊಂಡ ಸರಕು. ನಾಲ್ಕು ತಿಂಗಳು ಬಗೆಬಗೆಯ ಡಬ್ಬಿ ಕೊಂಡೆನಲ್ಲ, ಇದೊಂದನ್ನು ಮಾತ್ರ ಹಳೇದು ಅಂತ ಮುಟ್ಟಿರಲಿಲ್ಲ.

ತುಟಿಗೆ ಬೇರೆ ಕಡೆಯ ಚರ್ಮದಂತೆ ಎಣ್ಣೆ ಜಿನುಗಿಸುವ ವ್ಯವಸ್ಥೆ ಇಲ್ಲ, ಮೇಲ್ಪದರವೂ ತೆಳು. ಅದಕ್ಕೆ ಬೇಕಿರುವುದು ಒಳಗಿನ ಪಸೆ ಹೊರಗೆ ಹೋಗದಂತೆ ಒಂದು ಮುಚ್ಚಳ ಅಷ್ಟೇ. ಹುಬ್ಬಳ್ಳಿಯ ಡಾಕ್ಟರ್ ಕೊಟ್ಟ ಚೀಟಿಯಲ್ಲಿ ಎರಡೇ ಸಾಲು. ವಾಸನೆ ಇಲ್ಲದ ಪೆಟ್ರೋಲಿಯಂ ಜೆಲ್ಲಿ, 50 ರೂಪಾಯಿ. ಟ್ಯಾಕ್ರೊಲಿಮಸ್ ಅನ್ನುವ, ಸ್ಟಿರಾಯ್ಡ್ ಅಲ್ಲದ ಮುಲಾಮು, 290 ರೂಪಾಯಿ, ಎರಡು ವಾರ ಮಾತ್ರ. ಮುಲಾಮು ಮೊದಲ ಮೂರು ನಾಲ್ಕು ದಿನ ಉರಿಯುತ್ತದೆ, ಹೆದರಿ ನಿಲ್ಲಿಸಬೇಡಿ ಅಂತ ಮೊದಲೇ ಹೇಳಿದ್ದರು. ಹೇಳದಿದ್ದರೆ ಖಂಡಿತ ನಿಲ್ಲಿಸುತ್ತಿದ್ದೆ. ಇದನ್ನು ನೋಡಿ ನೀವೇ ಅಂಗಡಿಯಲ್ಲಿ ಕೊಂಡುಕೊಳ್ಳಬೇಡಿ. ಟ್ಯೂಬಿನ ಕಥೆ ಮೇಲೆ ಹೇಳಿದ್ದೇನಲ್ಲ.

ಜೆಲ್ಲಿ ಹಚ್ಚುವುದಕ್ಕೂ ಒಂದು ರೀತಿ ಇದೆ. ನೀರು ಕುಡಿದು ತುಟಿ ಇನ್ನೂ ಹಸಿ ಇರುವಾಗ, ತೊಳೆದ ಬೆರಳಲ್ಲಿ, ಉಜ್ಜದೆ ಒತ್ತಿ ಒತ್ತಿ. ಹಲ್ಲುಜ್ಜುವ ಮುಂಚೆ ಒಮ್ಮೆ, ಊಟದ ಮುಂಚೆ ಒಮ್ಮೆ, ಮಲಗುವಾಗ ಸ್ವಲ್ಪ ದಪ್ಪಗೆ. ಸಿಪ್ಪೆ ಎದ್ದರೆ ಕೀಳಬಾರದು. ಕಿತ್ತರೆ ಎರಡು ದಿನ ಹಿಂದಕ್ಕೆ ಹೋದ ಹಾಗೆ. ತುಟಿ ಸವರುವ ಚಟ ಬಿಡುವುದೇ ಎಲ್ಲಕ್ಕಿಂತ ಕಷ್ಟ. ಅದಕ್ಕೆ ಅಟೆಂಡರನ್ನೇ ಕಾವಲು ಹಾಕಿದೆ. ದೂರದಿಂದಲೇ ‘ಸರ, ನಾಲಗಿ!’ ಅನ್ನುತ್ತಿದ್ದರು.

ನಿಜವಾದ ಅಲೆದಾಟ ಪೇಸ್ಟಿಗೆ. ಪುದೀನ, ಲವಂಗ, ಚಕ್ಕೆ ಯಾವುದೂ ಇಲ್ಲದ ಪೇಸ್ಟ್ ಕೊಡಿ ಅಂದರೆ ಅಂಗಡಿಯವರು ‘ಹಂಗಾದ್ರ ಪೇಸ್ಟ್ ಯಾಕ ಬೇಕ್ರಿ?’ ಅನ್ನುತ್ತಾರೆ. ಮಕ್ಕಳ ಪೇಸ್ಟಿನಲ್ಲೂ ಹಣ್ಣಿನ ಪರಿಮಳ. ಐದನೇ ಅಂಗಡಿಯ ನಂತರ ಸೋತು, ಪರಿಮಳವೇ ಇಲ್ಲದ ಫ್ಲೋರೈಡ್ ಪೇಸ್ಟನ್ನು ಆನ್‌ಲೈನ್‌ನಲ್ಲಿ 280 ರೂಪಾಯಿಗೆ ತರಿಸಿದೆ. ಬರಲು ಆರು ದಿನವಾಯಿತು. ಅಲ್ಲಿವರೆಗೆ ಬರೀ ನೀರು, ಬ್ರಶ್ಶು. ರುಚಿ ಸೀಮೆಸುಣ್ಣದಂತಿದೆ. ಹೊಂದಿಕೊಂಡಿದ್ದೇನೆ. ಬಸ್ಸು ಚಾರ್ಜು ಎಲ್ಲ ಸೇರಿ ಈ ತುಟಿಯ ಮೇಲೆ 8,400 ರೂಪಾಯಿ ಹತ್ತಿರ ಹೋಗಿದೆ. ಅದರಲ್ಲಿ ಗುಣ ಮಾಡಿದ್ದು 50ರದ್ದು, 290ರದ್ದು, 280ರದ್ದು.

ಹತ್ತನೇ ದಿನಕ್ಕೆ ಸಿಪ್ಪೆ ಏಳುವುದು ನಿಂತಿತು. ಮೂರನೇ ವಾರ ಸೀಳು ಕೂಡಿತು. ಬಾಯಿ ಸುತ್ತಲಿನ ಕೆಂಪು ಮಾತ್ರ ಮೇ ಮಧ್ಯದವರೆಗೂ ಇತ್ತು, ಅದು ಆ ಟ್ಯೂಬಿನ ಕೊಡುಗೆ. ಎರಡು ಮೂರು ವಾರ ಸರಿಯಾಗಿ ನೋಡಿಕೊಂಡರೂ ಒಡೆದ ತುಟಿ ವಾಸಿಯಾಗದಿದ್ದರೆ ಡಾಕ್ಟರಿಗೆ ತೋರಿಸಿ, ನನ್ನ ಹಾಗೆ ಹೋಳಿವರೆಗೆ ಕಾಯಬೇಡಿ. ಅದರಲ್ಲೂ ಬಿಸಿಲಲ್ಲಿ ದುಡಿಯುವವರು, ಬೀಡಿ ಸಿಗರೇಟು ಸೇದುವವರು ಕೆಳತುಟಿಯಲ್ಲಿ ಬಿಳಿ ಮಚ್ಚೆಯೋ ಮಾಯದ ಹುಣ್ಣೋ ಕಂಡರೆ ಬಾಮ್ ಹಚ್ಚುತ್ತ ಕೂರುವುದು ಬೇಡ.

ಏಳನೇ ಡಬ್ಬಿಯ ಕಥೆ ಬಾಕಿ ಇದೆ. ಜನವರಿಯಲ್ಲೇ ಅಮ್ಮ ಬಸ್ಸಿನಲ್ಲಿ ಯಾರ ಕೈಯಲ್ಲೋ ಮುರುಗಲು ತುಪ್ಪ ಕಳಿಸಿದ್ದಳು. ಮುರುಗಲು ಹಣ್ಣಿನ ಬೀಜ ಕುಟ್ಟಿ, ಕುದಿಸಿ, ಮೇಲೆ ತೇಲಿದ್ದನ್ನು ತೆಗೆದು ಮಾಡುವ ಗಟ್ಟಿ ಜಿಡ್ಡು. ನಮ್ಮ ಕಡೆ ಹಿಮ್ಮಡಿ ಒಡೆದರೂ ತುಟಿ ಒಡೆದರೂ ಅದೇ. ಮಾಸಲು ಬಿಳಿಯ ಉಂಡೆ, ಮೇಲೆ ಅಮ್ಮನ ಬೆರಳಿನ ಗುರುತು. ಕಾಯಿಸಿದ ಹಳೇ ವಾಸನೆ ಅಂತ ನಾನು ಮೂಲೆಗಿಟ್ಟಿದ್ದೆ. ಏಪ್ರಿಲ್‌ನಲ್ಲಿ ತೆಗೆದು ನೋಡಿದರೆ ವಿಜಯಪುರದ ಬಿಸಿಲಿಗೆ ಕರಗಿ ನೀರಾಗಿತ್ತು. ಡಾಕ್ಟರನ್ನು ಕೇಳಿದೆ. ಪರಿಮಳ ಬೆರೆಸಿಲ್ಲ ತಾನೆ, ಮೊದಲು ಮೊಣಕೈ ಒಳಗಡೆ ಒಂದು ವಾರ ಹಚ್ಚಿ ನೋಡಿ, ಏನೂ ಆಗದಿದ್ದರೆ ತುಟಿಗೆ ಹಚ್ಚಿ ಅಂದರು. ಏನೂ ಆಗಲಿಲ್ಲ.

ಮೇ ಕೊನೆಗೆ ಊರಿಗೆ ಹೋದಾಗ ಕರಿ ಈಶಾಡ್ ಮಾವಿನಹಣ್ಣಿನ ಕಾಲ. ನಾನು ಹಣ್ಣು ಎತ್ತಿ ಸಿಪ್ಪೆ ಸಮೇತ ಕಚ್ಚಲು ಹೋದೆ. ಮಗಳು ಕೈ ತಡೆದಳು. ಮಾವಿನ ಸಿಪ್ಪೆಯ ಸೊನೆ ಒಳ್ಳೇ ತುಟಿಯನ್ನೂ ಸುಡುತ್ತದೆ ಅಂತ ಡಾಕ್ಟರ್ ಹೇಳಿದ್ದನ್ನು ನಾನೇ ಅವಳಿಗೆ ಫೋನಿನಲ್ಲಿ ಹೇಳಿದ್ದೆ. ಅಮ್ಮ ಸಿಪ್ಪೆ ಹೆರೆದು, ಹೋಳು ಮಾಡಿ, ಮಗುವಿಗೆ ಕೊಡುವ ಹಾಗೆ ತಟ್ಟೆಯಲ್ಲಿಟ್ಟು ಕೊಟ್ಟಳು. ನನ್ನ ತುಟಿಯನ್ನೇ ನೋಡಿ, ‘ನೋಡಿದ್ಯಾ, ಮುರುಗಲು ತುಪ್ಪಕ್ಕೇ ಹೋಗಿದ್ದು’ ಅಂದಳು. ನಾನು ಏನೂ ಹೇಳದೆ ಇನ್ನೊಂದು ಹೋಳು ಬಾಯಿಗಿಟ್ಟೆ.